ಹಾಜರಿ ಪುಸ್ತಕ ಮತ್ತು ಲಸಿಕೆಯ ಚೀಟಿ

ಕೊಡಗಿನ ಒಂದು ಕಾಫಿ ತೋಟದ ಕಛೇರಿ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ ಎಂದು ಇಟ್ಟುಕೊಳ್ಳೋಣ. ‘ಎರಡು ಡೋಸ್ ಲಸಿಕೆಯ ಚೀಟಿ ತೋರಿಸದವರಿಗೆ ಸೋಮವಾರದಿಂದ ಕೆಲಸವಿಲ್ಲ’ ಎಂಬುದಷ್ಟೇ ಅದರ ಒಕ್ಕಣೆ. ತಿಂಗಳು ಡಿಸೆಂಬರ್, ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿದೆ, ರೊಬಸ್ಟಾ ಬಣ್ಣ ತಿರುಗುತ್ತಿದೆ, ಸಿದ್ದಾಪುರದ ಕಡೆಯಿಂದ ಬೆಳಗಿನ ಜೀಪುಗಳು ಕೆಲಸದವರನ್ನು ತುಂಬಿಕೊಂಡು ತೋಟಗಳಿಗೆ ಹೊರಟಿವೆ. ಕಾಗದವನ್ನು ಓದಿ ಹೇಳುತ್ತಿರುವವರು ತೋಟದ ರೈಟರ್, ಅಂದರೆ ಹಾಜರಿ ಮತ್ತು ಕೂಲಿಯ ಲೆಕ್ಕ ಬರೆಯುವ ಗುಮಾಸ್ತರು. ಕೇಳಿಸಿಕೊಳ್ಳುತ್ತಿರುವವಳು ಹಾಡಿಯಿಂದ, ಅಂದರೆ ಬುಡಕಟ್ಟಿನವರ ವಸತಿಯಿಂದ, ಬಂದಿರುವ ಒಬ್ಬ ದಿನಗೂಲಿ ಹೆಂಗಸು. ಆಕೆಗೆ ಲಸಿಕೆಯ ಮೇಲೆ ಸಿಟ್ಟೇನೂ ಇಲ್ಲ, ಸ್ವಲ್ಪ ಹೆದರಿಕೆ ಇದೆ, ಅಷ್ಟೆ. ಇದು ನಾನು ಕಟ್ಟಿಕೊಂಡ ದೃಶ್ಯ. ಆದರೆ ಕೋವಿಡ್ ಕಾಲದಲ್ಲಿ ದೆಹಲಿ, ಶಿಲ್ಲಾಂಗ್ ಮತ್ತು ವಾಷಿಂಗ್ಟನ್‌ನ ನ್ಯಾಯಾಲಯಗಳು ಬಿಡಿಸಲು ಹೆಣಗಿದ ಕಗ್ಗಂಟು ಈ ಬಾಗಿಲ ಮುಂದೆಯೇ ಪೂರ್ತಿಯಾಗಿ ನಿಂತಿದೆ: ನನ್ನ ಮೈಗೆ ಏನು ಹಾಕಿಸಿಕೊಳ್ಳಬೇಕೆಂಬುದನ್ನು ನನಗೆ ಕೂಲಿ ಕೊಡುವವರು ತೀರ್ಮಾನಿಸಬಹುದೇ?

ಈ ಚರ್ಚೆ ದಾರಿ ತಪ್ಪುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. ಲಸಿಕೆ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಅದನ್ನು ಕಡ್ಡಾಯ ಮಾಡುವುದು ಸರಿಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಖಚಿತವಾಗಿದೆ. ತಲೆತಲಾಂತರದಿಂದ ಊರೂರನ್ನೇ ಬರಿದು ಮಾಡಿದ ಸಿಡುಬು ಭಾರತದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ, ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ, ಮತ್ತು ಅದನ್ನು ಸಾಧಿಸಿದ್ದು ಲಸಿಕೆಯೇ. ಹಾಗೆಂದು ಎರಡನೆಯ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿಬಿಡುವುದಿಲ್ಲ. ಕಡ್ಡಾಯವೆಂಬುದು ನಮಗೆ ಹೊಸದೂ ಅಲ್ಲ. ಬ್ರಿಟಿಷ್ ಸರ್ಕಾರ 1880ರಲ್ಲಿ ತಂದ ಲಸಿಕಾ ಕಾಯ್ದೆ, ಅದನ್ನು ಜಾರಿಗೆ ತಂದ ಪಟ್ಟಣಗಳಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುವುದನ್ನು ತಂದೆತಾಯಿಯರ ಮೇಲೆ ಹೊರಿಸಿತ್ತು. ಹಾಗೆ ಜಾರಿಗೆ ತರಬಹುದಾದ ಪ್ರಾಂತ್ಯಗಳ ಪಟ್ಟಿಯಲ್ಲಿ, ಆಗ ಚೀಫ್ ಕಮಿಷನರ್ ಆಡಳಿತಕ್ಕೆ ಸೇರಿದ್ದ ಕೊಡಗಿನ ಹೆಸರೂ ಇತ್ತು.

‘ಕಡ್ಡಾಯ’ ಎಂಬ ಮಾತಿನ ಒಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡದೆ ಮುಂದೆ ಹೋಗುವಂತಿಲ್ಲ. ಕೈಹಿಡಿದು ಬಲವಂತವಾಗಿ ಸೂಜಿ ಚುಚ್ಚುವುದನ್ನು ಯಾರೂ ಸಮರ್ಥಿಸುವುದಿಲ್ಲ; ವಿವಾದವಿರುವುದು ಬೇಡವೆಂದವರಿಗೆ ತಗಲುವ ದಂಡದ ಬಗ್ಗೆ. ಕಡ್ಡಾಯದ ಪರವಾಗಿ ವಾದಿಸುವವರು ಅಮೆರಿಕದ ಸುಪ್ರೀಂ ಕೋರ್ಟಿನ 1905ರ ಜೇಕಬ್ಸನ್ ತೀರ್ಪನ್ನು ಮರೆಯದೆ ಎತ್ತಿ ಹೇಳುತ್ತಾರೆ. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಸಿಡುಬು ಹರಡಿದಾಗ ಅಲ್ಲಿನ ಆರೋಗ್ಯ ಮಂಡಳಿ ಹಿಂದಿನ ಕೆಲವು ವರ್ಷಗಳಲ್ಲಿ ಲಸಿಕೆ ಪಡೆಯದ ನಿವಾಸಿಗಳೆಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಚಿಕ್ಕಂದಿನಲ್ಲಿ ಲಸಿಕೆಯಿಂದ ತುಂಬ ನರಳಿದ್ದೇನೆಂದು ಹೇಳಿ ಹೆನ್ನಿಂಗ್ ಜೇಕಬ್ಸನ್ ಎಂಬ ಪಾದ್ರಿ ಒಪ್ಪಲಿಲ್ಲ. ಕೋರ್ಟು ನಗರದ ಪರವಾಗಿ ನಿಂತಿತು. ಎಲ್ಲರೂ ಹೇಳುವ ಕಥೆ ಇಷ್ಟಕ್ಕೆ ನಿಲ್ಲುತ್ತದೆ. ಜೇಕಬ್ಸನ್‌ಗೆ ಬಿದ್ದ ದಂಡ 5 ಡಾಲರ್ ಎಂಬುದನ್ನು ಹೇಳುವವರು ಕಡಿಮೆ. ಅಷ್ಟು ಕೊಟ್ಟು ಆತ ಲಸಿಕೆ ಇಲ್ಲದೆಯೇ ಮನೆಗೆ ಹೋಗಬಹುದಿತ್ತು, ಮರುದಿನ ತನ್ನ ಕೆಲಸಕ್ಕೂ ಹೋಗಬಹುದಿತ್ತು. ಒಮ್ಮೆ ದಂಡ ಕಟ್ಟಿ ಮುಗಿಸುವುದಕ್ಕೂ ಜೀವನೋಪಾಯವನ್ನೇ ಕಳೆದುಕೊಳ್ಳುವುದಕ್ಕೂ ಇರುವ ಅಂತರ ಈ ವಿಷಯದ ತಿರುಳು ಎಂದು ನಾನು ಭಾವಿಸಿದ್ದೇನೆ. ಕೆಲಸದ ಸ್ಥಳದ ನಿಯಮಗಳಲ್ಲೂ ಮೆಟ್ಟಿಲುಗಳಿವೆ: ಲಸಿಕೆ ಬೇಡವೆಂದವರು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಸಾಕು ಎನ್ನುವುದು ಒಂದು ಮೆಟ್ಟಿಲು, ಜನರ ಸಂಪರ್ಕ ಕಡಿಮೆ ಇರುವ ಕೆಲಸಕ್ಕೆ ಹಾಕುವುದು, ಸಂಬಳವಿಲ್ಲದ ರಜೆಯ ಮೇಲೆ ಕಳಿಸುವುದು, ಕೊನೆಗೆ ವಜಾ ಮಾಡುವುದು ಮುಂದಿನವು. ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆದು ಒಪ್ಪುವುದಾಗಲಿ ಬಿಡುವುದಾಗಲಿ ಸರಿಯಲ್ಲ.

ಭಾರತದಲ್ಲಿ ಈ ತೊಡಕಿಗೆ ಒಂದು ವಿಚಿತ್ರ ರೂಪವಿತ್ತು. 2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭವಾದಾಗಿನಿಂದಲೂ ಕೇಂದ್ರ ಸರ್ಕಾರ ಹೇಳುತ್ತ ಬಂದದ್ದು, ಕೋವಿಡ್ ಲಸಿಕೆ ಅವರವರ ಇಚ್ಛೆಗೆ ಬಿಟ್ಟದ್ದು ಎಂದೇ; ಒಪ್ಪಿಗೆಯಿಲ್ಲದೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಉದ್ದೇಶ ಮಾರ್ಗಸೂಚಿಗಳಲ್ಲಿಲ್ಲ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲೂ ಅದು ಬರೆದುಕೊಟ್ಟಿತು. ಆದರೆ ಕೆಳಗಿನ ಹಂತಗಳಲ್ಲಿ, ರಾಜ್ಯ ಸರ್ಕಾರಗಳ ಸುತ್ತೋಲೆಗಳಲ್ಲಿ, ಜಿಲ್ಲಾಡಳಿತಗಳ ಆದೇಶಗಳಲ್ಲಿ, ಕಂಪನಿಗಳ ಈಮೇಲುಗಳಲ್ಲಿ ಚಿತ್ರ ಬೇರೆಯೇ ಇತ್ತು. ಒಮಿಕ್ರಾನ್ ಕಾಣಿಸಿಕೊಂಡ ಮೇಲೆ 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಮಾಲ್ ಮತ್ತು ಚಿತ್ರಮಂದಿರಗಳಿಗೆ ಎರಡು ಡೋಸ್ ಪಡೆದವರಿಗಷ್ಟೇ ಪ್ರವೇಶವೆಂದಿತು. ಸರ್ಕಾರಿ ನೌಕರರು ಎರಡೂ ಡೋಸ್ ಪಡೆದಿರಬೇಕೆಂದಿತು. ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರಿಗೂ ಅದೇ ಷರತ್ತು ಹಾಕಿತು. ಮೇಲಿನಿಂದ ‘ನಿಮ್ಮಿಷ್ಟ’, ಕೆಳಗಿನಿಂದ ‘ಇಲ್ಲದಿದ್ದರೆ ಬರಬೇಡಿ’. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡವರಿಗೆ ಕಾನೂನು ಯಾವುದು, ಒತ್ತಾಯ ಯಾವುದು ಎಂಬುದೇ ತಿಳಿಯದಾಯಿತು.

ಹೈಕೋರ್ಟುಗಳು ಮೊದಲು ತಡೆದದ್ದು ಇದನ್ನೇ. ಮೇಘಾಲಯದಲ್ಲಿ ಅಂಗಡಿಯವರು, ಬೀದಿ ವ್ಯಾಪಾರಿಗಳು, ಟ್ಯಾಕ್ಸಿ ಚಾಲಕರು ಲಸಿಕೆ ಹಾಕಿಸಿಕೊಳ್ಳದೆ ವ್ಯಾಪಾರ ಆರಂಭಿಸಬಾರದೆಂದು ಕೆಲವು ಜಿಲ್ಲಾಡಳಿತಗಳು ಹೇಳಿದ್ದನ್ನು ಅಲ್ಲಿನ ಹೈಕೋರ್ಟು 2021ರ ಜೂನ್‌ನಲ್ಲಿ ತಾನೇ ಕೈಗೆತ್ತಿಕೊಂಡಿತು. ದಬ್ಬಾಳಿಕೆಯಿಂದ ಹಾಕಿಸುವ ಲಸಿಕೆ ಅದರ ಹಿಂದಿನ ಜನಹಿತದ ಉದ್ದೇಶವನ್ನೇ ಕೆಡಿಸುತ್ತದೆಂದು ಹೇಳಿತು. ಆದರೆ ಅದೇ ಆದೇಶದಲ್ಲಿ, ಕೆಲಸಗಾರರು ಲಸಿಕೆ ಪಡೆದಿದ್ದಾರೆಯೇ ಇಲ್ಲವೇ ಎಂಬ ಫಲಕವನ್ನು ಅಂಗಡಿಗಳು ಎದುರಿಗೆ ತೂಗುಹಾಕಬೇಕೆಂದೂ ಹೇಳಿತು. ಬಲವಂತ ಬೇಡ, ತಿಳಿವಳಿಕೆ ಇರಲಿ, ಉಳಿದದ್ದನ್ನು ಗಿರಾಕಿಗಳು ತೀರ್ಮಾನಿಸಲಿ ಎಂಬ ಈ ನಡುವಿನ ದಾರಿ ಜಾಣತನದ್ದೇ. ಆದರೂ ಹಣೆಯ ಮೇಲೆ ಚೀಟಿ ಅಂಟಿಸಿದ ಹಾಗೆ ಆಗುವುದಿಲ್ಲವೇ ಎಂಬ ಅಳುಕು ನನಗಿದೆ. ಮರುತಿಂಗಳು ಗುವಾಹಟಿ ಹೈಕೋರ್ಟು, ಅಭಿವೃದ್ಧಿ ಕಾಮಗಾರಿಗಳ ಕೆಲಸಕ್ಕೆ ಲಸಿಕೆ ಪಡೆದವರಿಗೆ ಮಾತ್ರ ತಾತ್ಕಾಲಿಕ ಪರವಾನಗಿ ಕೊಡುವ ಅರುಣಾಚಲ ಪ್ರದೇಶದ ಆದೇಶಕ್ಕೆ ತಡೆ ಕೊಟ್ಟಿತು.

ಇವೆಲ್ಲದರ ಮೇಲೆ ಬಂದದ್ದು 2022ರ ಮೇ 2ರ ಸುಪ್ರೀಂ ಕೋರ್ಟ್ ತೀರ್ಪು. ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ನೀಡಿದ ಈ ತೀರ್ಪನ್ನು ಎರಡೂ ಪಂಗಡದವರು ತಮ್ಮ ಗೆಲುವೆಂದು ಹೇಳಿಕೊಂಡರು. ಅದಕ್ಕೆ ಕಾರಣವೂ ಇದೆ. ಒಬ್ಬರ ಮೈಯ ಮೇಲಿನ ಹಕ್ಕು ಅವರದೇ, ಅದು ಸಂವಿಧಾನದ 21ನೇ ವಿಧಿ ಕಾಪಾಡುವ ಜೀವಿಸುವ ಹಕ್ಕಿನ ಭಾಗ, ಆದ್ದರಿಂದ ಯಾರನ್ನೂ ಲಸಿಕೆಗೆ ಬಲವಂತ ಮಾಡುವಂತಿಲ್ಲ ಎಂದು ಕೋರ್ಟು ಹೇಳಿತು. ಅದೇ ಉಸಿರಿನಲ್ಲಿ, ಸಮುದಾಯದ ಆರೋಗ್ಯದ ದೃಷ್ಟಿಯಿಂದ ಸರ್ಕಾರ ವ್ಯಕ್ತಿಯ ಹಕ್ಕುಗಳಿಗೆ ಮಿತಿ ಹಾಕಬಹುದು ಎಂದೂ, ಕೇಂದ್ರದ ಲಸಿಕಾ ನೀತಿ ಅಸಮಂಜಸವಲ್ಲ ಎಂದೂ ಹೇಳಿತು. ಮಿತಿ ಹಾಕುವಾಗ ದಾಟಬೇಕಾದ ಪರೀಕ್ಷೆ ಮಾತ್ರ 2017ರ ಖಾಸಗಿತನದ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹಾಕಿಕೊಟ್ಟದ್ದು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟ ಕೆ.ಎಸ್. ಪುಟ್ಟಸ್ವಾಮಿ ಅವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಪರೀಕ್ಷೆಯನ್ನು ಆಡುಮಾತಿನಲ್ಲಿ ಹೀಗೆ ಹೇಳಬಹುದು: ಆ ನಿರ್ಬಂಧಕ್ಕೆ ಕಾನೂನಿನ ಆಧಾರವಿರಬೇಕು, ಅದರ ಹಿಂದೆ ನಿಜವಾದ ಅಗತ್ಯವಿರಬೇಕು, ಮತ್ತು ಕೊಡುವ ಪೆಟ್ಟು ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಸೊಳ್ಳೆ ಹೊಡೆಯಲು ಕೋವಿ ಎತ್ತಬಾರದು.

ಲಸಿಕೆ ಪಡೆಯದವರ ಮೇಲಿನ ನಿರ್ಬಂಧಗಳು ಎಡವಿದ್ದು ಕೊನೆಯ ಈ ಅಳತೆಯಲ್ಲಿ. ಒಬ್ಬರ ಸ್ವಾತಂತ್ರ್ಯವನ್ನು ತಡೆಯಲು ಇರುವ ಗಟ್ಟಿ ಕಾರಣವೆಂದರೆ ಅದರಿಂದ ಮತ್ತೊಬ್ಬರಿಗೆ ಹಾನಿಯಾಗುತ್ತದೆ ಎಂಬುದು. ಲಸಿಕೆ ಪಡೆಯದವನು ತನಗಷ್ಟೇ ಅಪಾಯ ತಂದುಕೊಳ್ಳುತ್ತಾನಾದರೆ ಅವನಿಗೆ ಬುದ್ಧಿ ಹೇಳಬಹುದು, ಕೆಲಸದಿಂದ ತೆಗೆಯುವ ಅಧಿಕಾರ ಹುಟ್ಟುವುದಿಲ್ಲ. ಅವನಿಂದ ಪಕ್ಕದವರಿಗೆ ಸೋಂಕು ಹರಡುವ ಸಂಭವ ಲಸಿಕೆ ಪಡೆದವರಿಗಿಂತ ಎಷ್ಟೋ ಹೆಚ್ಚು ಎಂದಾದರೆ ಮಾತು ಬೇರೆ. ಅಂದರೆ ನೈತಿಕ ಪ್ರಶ್ನೆಯಂತೆ ಕಾಣುವ ಇದರ ಅರ್ಧ ಉತ್ತರ ಪ್ರಯೋಗಾಲಯದಲ್ಲಿದೆ. ದಡಾರದ ಲಸಿಕೆ ಹರಡುವುದನ್ನೇ ಬಲವಾಗಿ ತಡೆಯುತ್ತದೆ. ಕೋವಿಡ್ ಲಸಿಕೆಗಳು ತೀವ್ರ ಕಾಯಿಲೆಯಿಂದ ಮತ್ತು ಸಾವಿನಿಂದ ಚೆನ್ನಾಗಿ ಕಾಪಾಡಿದವು. ಸೋಂಕು ತಗಲುವುದನ್ನು ಮೊದಮೊದಲು ಸಾಕಷ್ಟು ತಗ್ಗಿಸಿದವಾದರೂ ಆ ರಕ್ಷಣೆ ತಿಂಗಳುಗಳಲ್ಲಿ ಸವೆಯಿತು, ಡೆಲ್ಟಾದ ಮುಂದೆ ಕುಗ್ಗಿತು, ಒಮಿಕ್ರಾನ್‌ನ ಮುಂದೆ ಇನ್ನೂ ಕುಗ್ಗಿತು. ಲಸಿಕೆ ಪಡೆಯದವರಿಂದ ಹರಡುವ ಅಪಾಯ ಪಡೆದವರದಕ್ಕಿಂತ ಹೆಚ್ಚೆಂದು ತೋರಿಸುವ ಮಾಹಿತಿಯನ್ನು ಕೇಂದ್ರವಾಗಲಿ ರಾಜ್ಯಗಳಾಗಲಿ ತನ್ನ ಮುಂದಿಡಲಿಲ್ಲ ಎಂದು ಕೋರ್ಟು ಗುರುತಿಸಿತು. ಸೋಂಕಿನ ಪ್ರಮಾಣ ಕಡಿಮೆ ಇರುವವರೆಗೆ ಇಂಥ ನಿರ್ಬಂಧಗಳು ಅಳತೆ ಮೀರಿದವು, ಇದ್ದರೆ ಹಿಂತೆಗೆದುಕೊಳ್ಳಿ ಎಂದಿತು. ಖಾಸಗಿ ಸಂಸ್ಥೆಗಳು ಮತ್ತು ವಿದ್ಯಾಸಂಸ್ಥೆಗಳೂ ತಮ್ಮ ನಿಯಮಗಳನ್ನು ಮರುಪರಿಶೀಲಿಸಲಿ ಎಂಬ ಸಲಹೆಯನ್ನೂ ಸೇರಿಸಿತು. ಆ ಹೊತ್ತಿನ ಪರಿಸ್ಥಿತಿಗೆ ಮತ್ತು ಕೋವಿಡ್‌ಗೆ ಸಂಬಂಧಿಸಿದ ಮಾತು ಅದು. ನಾಳೆ ಬರಬಹುದಾದ ಮತ್ತೊಂದು ರೋಗಕ್ಕೆ, ಮತ್ತೊಂದು ಲಸಿಕೆಗೆ ಲೆಕ್ಕ ಹೊಸದಾಗಿ ಹಾಕಬೇಕಾಗುತ್ತದೆ.

ಈ ವೈಜ್ಞಾನಿಕ ಅಂಶ ಕೊಡಗಿನವರಿಗೆ ಕೋರ್ಟಿಗಿಂತ ಮೊದಲೇ ಅನುಭವಕ್ಕೆ ಬಂದಿತ್ತು. 2021ರ ಜುಲೈ ಕೊನೆಯಲ್ಲಿ ಕೇರಳದಲ್ಲಿ ಸೋಂಕು ಏರುತ್ತಿದ್ದಾಗ, ಅಲ್ಲಿಂದ ಬರುವವರು ಲಸಿಕೆ ಪಡೆದಿರಲಿ ಬಿಡಲಿ 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಲೇಬೇಕೆಂದು ಕರ್ನಾಟಕ ಆದೇಶಿಸಿತು. ಕೇರಳ ಗಡಿಯ ಮಾಕುಟ್ಟದ ಚೆಕ್‌ಪೋಸ್ಟ್‌ನಲ್ಲಿ ಎರಡು ಡೋಸ್‌ನ ಚೀಟಿ ಹಿಡಿದು ನಿಂತವರಿಗೂ ಅದರಿಂದಷ್ಟೇ ಗೇಟು ತೆರೆಯುವಂತಿರಲಿಲ್ಲ. ಲಸಿಕೆ ಪಡೆದವರೂ ಸೋಂಕು ಹೊತ್ತು ತರಬಲ್ಲರು ಎಂದು ಒಪ್ಪಿಕೊಂಡೇ ಆ ಆದೇಶ ಹೊರಟಿತ್ತು, ಮತ್ತು ಅದು ಸರಿಯಾಗಿಯೇ ಇತ್ತು. ನಾಲ್ಕು ತಿಂಗಳ ನಂತರ ಅದೇ ಸರ್ಕಾರ ಅದೇ ಚೀಟಿಯನ್ನು ಮಾಲ್‌ನ ಬಾಗಿಲು ತೆರೆಯುವ ಕೀಲಿಕೈ ಮಾಡಿತು. ಗಡಿಯಲ್ಲಿ ಸಾಲದ ಚೀಟಿ ಊರೊಳಗೆ ಸಾಕಾಗುವುದು ಹೇಗೆ ಎಂದು ಯಾರಾದರೂ ಕೇಳಿದ್ದರೆ ಅದು ತರಲೆ ಪ್ರಶ್ನೆಯಾಗುತ್ತಿರಲಿಲ್ಲ. ಲಸಿಕೆಯ ವಿಷಯದಲ್ಲಿ ಅಪನಂಬಿಕೆ ಬೆಳೆಸಿದ್ದು ವಾಟ್ಸ್‌ಆ್ಯಪ್ ಗಾಳಿಸುದ್ದಿ ಮಾತ್ರ ಎಂದು ಹೇಳುವವರು ಇಂಥ ಹೊಂದಾಣಿಕೆಯಿಲ್ಲದ ಆದೇಶಗಳ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಸರ್ಕಾರದ ಮಾತು. ತೋಟದ ಬಾಗಿಲಿಗೆ ಕಾಗದ ಅಂಟಿಸಿದ್ದು ಸರ್ಕಾರವಲ್ಲ, ಸಾಹುಕಾರರು. ಮೂಲಭೂತ ಹಕ್ಕುಗಳನ್ನು ಸಾಮಾನ್ಯವಾಗಿ ಕೇಳುವುದು ಸರ್ಕಾರದ ಎದುರು. ಖಾಸಗಿ ಮಾಲೀಕರು ಅವುಗಳಿಗೆ ಕಟ್ಟುಬಿದ್ದವರೇ ಎಂಬುದು ಬಹುಕಾಲ ಚರ್ಚೆಯಲ್ಲಿದ್ದ ವಿಷಯ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರವಲ್ಲದವರ ಎದುರೂ ಜಾರಿಗೆ ತರಬಹುದೆಂದು ಬಹುಮತದಿಂದ ಹೇಳಿದೆ. ತತ್ತ್ವದಲ್ಲಿ ಇದು ದೊಡ್ಡ ಮಾತು. ಆದರೆ ದಿನಗೂಲಿಯ ಹೆಂಗಸು 21ನೇ ವಿಧಿ ಹಿಡಿದು ಹೈಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಆಕೆಗೆ ನೆರವಾಗಬಹುದಾದದ್ದು ಕಾರ್ಮಿಕ ಕಾನೂನು. ಕೆಲವು ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಎರಡನೆಯದು ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ, 15 ಮಂದಿಗೆ ಕಡಿಮೆಯಿಲ್ಲದೆ ಕೆಲಸಗಾರರಿರುವ ತೋಟಗಳಿಗೆ. ಕೊಯ್ಲಿನ ಕಾಲಕ್ಕೆಂದು ಬಂದು, ಕೊಯ್ದ ಕಿಲೋ ಲೆಕ್ಕಕ್ಕೆ ದುಡ್ಡು ಪಡೆದು, ಇಂದು ಈ ತೋಟ ನಾಳೆ ಆ ತೋಟ ಎಂದು ಜೀಪು ಹತ್ತುವವರು ಈ ಎಲ್ಲ ಕಾನೂನುಗಳ ಜಾಲರಿಯ ಕಣ್ಣುಗಳಿಂದ ಸೋರಿಹೋಗುತ್ತಾರೆ. ಅವರನ್ನು ಯಾರೂ ವಜಾ ಮಾಡಬೇಕಾಗಿಲ್ಲ. ಬೆಳಿಗ್ಗೆ ಜೀಪಿನಲ್ಲಿ ಜಾಗವಿಲ್ಲವೆಂದರೆ ಸಾಕು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಇದೇ ನಿಯಮ ಮಾಡಿದರೆ, ಒಲ್ಲದವರು ಕುಶಾಲನಗರದ ತಮ್ಮ ಮನೆಯಲ್ಲೇ ಕುಳಿತು ಲ್ಯಾಪ್‌ಟಾಪ್ ತೆರೆದಾರು. ನಿಯಮ ಒಂದೇ, ಸ್ವಾತಂತ್ರ್ಯದ ಬೆಲೆ ಒಂದೇ ಅಲ್ಲ. ವೈಯಕ್ತಿಕ ಸ್ವಾತಂತ್ರ್ಯದ ಬಗ್ಗೆ ಗಟ್ಟಿದನಿಯಲ್ಲಿ ಮಾತಾಡಿದವರಲ್ಲಿ ಬಹುಪಾಲು ಮಂದಿ ಅದನ್ನು ಅಗ್ಗದಲ್ಲಿ ಕೊಳ್ಳಬಲ್ಲವರಾಗಿದ್ದರೆಂದು ನನಗೆ ಅನೇಕ ಸಲ ಅನ್ನಿಸಿದೆ.

ಎದುರು ವಾದವನ್ನು ಅದರ ಪೂರ್ಣ ಬಲದಲ್ಲಿ ಕೇಳಿಸಿಕೊಳ್ಳದಿದ್ದರೆ ಈ ವಿವರಣೆ ಏಕಪಕ್ಷೀಯವಾಗುತ್ತದೆ. ಅದೇ ತೋಟದ ರೈಟರ್‌ಗೆ ಅರವತ್ತರ ಹತ್ತಿರದ ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ ಎಂದಿಟ್ಟುಕೊಳ್ಳಿ. ಸಂಜೆ ಕಾಫಿ ಹಣ್ಣು ತೂಗುವ ಹೊತ್ತಿಗೆ ನಲವತ್ತು ಮಂದಿ ಅವರ ಮೇಜಿನ ಸುತ್ತ ಒತ್ತಿಕೊಂಡು ನಿಲ್ಲುತ್ತಾರೆ. ಅವರಿಗೂ 21ನೇ ವಿಧಿಯಿದೆ, ಅವರಿಗೂ ಈ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ. ಅಪಾಯವಿಲ್ಲದ ಜಾಗದಲ್ಲಿ ಕೆಲಸ ಮಾಡಿಸುವುದು ಮಾಲೀಕರ ಹೊಣೆಯಾದರೆ, ಆ ಹೊಣೆಯನ್ನು ನಿರ್ವಹಿಸಲು ಅವರಿಗೆ ಒಂದಿಷ್ಟು ಅಧಿಕಾರವೂ ಬೇಕಲ್ಲ? ಈ ವಾದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಅಪಾಯವಿರುವುದು ಎಲ್ಲಿ ಎಂದು ನೋಡುವುದು ಉತ್ತರದ ಆರಂಭ. ಗಿಡಗಳ ಸಾಲಿನಲ್ಲಿ ಬಯಲಿನ ಗಾಳಿಯಲ್ಲಿ ದೂರದೂರ ನಿಂತು ಹಣ್ಣು ಕೊಯ್ಯುವಾಗ ಗಾಳಿಯಿಂದ ಹರಡುವ ಸೋಂಕಿನ ಸಂಭವ ಕಡಿಮೆ; ಅದು ಹೆಚ್ಚುವುದು ಹತ್ತು ಮಂದಿಯ ಜಾಗದಲ್ಲಿ ಇಪ್ಪತ್ತು ಮಂದಿಯನ್ನು ತುರುಕಿದ ಜೀಪಿನಲ್ಲಿ, ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ, ಕಿಟಕಿಯೂ ಸರಿಯಿಲ್ಲದ ಲೈನ್ ಮನೆಯ ಒಂದೇ ಕೋಣೆಯಲ್ಲಿ, ತೂಕದ ಸರದಿಯಲ್ಲಿ. ಇನ್ನೊಂದು ಜೀಪು ಕಳಿಸುವುದು, ತೂಕವನ್ನು ಎರಡು ಸರದಿಯಲ್ಲಿ ಮಾಡುವುದು, ರೈಟರ್‌ರ ಮೇಜನ್ನು ಕಣದ ಬಯಲಿಗೆ ತರುವುದು ಮಾಲೀಕರ ಕೈಯಲ್ಲಿರುವ ಕೆಲಸ. ಇವಕ್ಕೆ ಖರ್ಚಾಗುತ್ತದೆ, ಕಾಗದ ಅಂಟಿಸಲು ಖರ್ಚಿಲ್ಲ.

ಕೆಲಸದ್ದೇ ಆದ ಅಪಾಯ ಮತ್ತು ಎಲ್ಲೆಲ್ಲೂ ಇರುವ ಅಪಾಯ ಎಂಬ ಈ ಭೇದವೇ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ನಿರ್ಣಾಯಕವಾಯಿತು. ನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಲಸಿಕೆ ಇಲ್ಲವೇ ವಾರವಾರದ ಪರೀಕ್ಷೆ ಕಡ್ಡಾಯವೆಂದು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯೊಂದು ಮಾಡಿದ್ದ ನಿಯಮ ಸುಮಾರು 8.4 ಕೋಟಿ ನೌಕರರಿಗೆ ತಗಲುತ್ತಿತ್ತು. 2022ರ ಜನವರಿ 13ರಂದು ಕೋರ್ಟು ಅದಕ್ಕೆ ತಡೆ ಕೊಟ್ಟಿತು: ಕೋವಿಡ್ ಮನೆಯಲ್ಲೂ ಶಾಲೆಯಲ್ಲೂ ಆಟದ ಮೈದಾನದಲ್ಲೂ ಹರಡುತ್ತದೆ, ಬಹುಪಾಲು ಕೆಲಸಗಳಲ್ಲಿ ಅದು ಆ ಕೆಲಸದ್ದೇ ಆದ ಅಪಾಯವಲ್ಲ ಎಂಬುದು ಅದರ ತರ್ಕ. ಕೊಡಗಿನ ತೋಟದಲ್ಲಿ ಕೆಲಸದ್ದೇ ಆದ ಅಪಾಯ ಯಾವುದೆಂದು ಕೇಳಿದರೆ ಮಂಜು ಮುಸುಕಿದ ಬೆಳಿಗ್ಗೆ ಗಿಡಗಳ ಮರೆಯಲ್ಲಿ ನಿಂತಿರುವ ಆನೆಯ ಕಡೆಗೆ ಯಾರಾದರೂ ಬೆರಳು ತೋರಿಸುತ್ತಾರೆ, ಮತ್ತು ಅದಕ್ಕೆ ಲಸಿಕೆಯಿಲ್ಲ. ಅದೇ ದಿನ ಅದೇ ಕೋರ್ಟು, ಸರ್ಕಾರದ ಹಣ ಪಡೆಯುವ ಆರೋಗ್ಯ ಸಂಸ್ಥೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿದ್ದನ್ನು ಮಾತ್ರ ಐದಕ್ಕೆ ನಾಲ್ಕರ ಬಹುಮತದಲ್ಲಿ ಎತ್ತಿಹಿಡಿಯಿತು.

ಆಸ್ಪತ್ರೆಯ ವಾದ ನಿಜವಾಗಿಯೂ ಬಲವಾದದ್ದು. ಮಡಿಕೇರಿಯ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ರೋಗಿಗೆ ತನ್ನ ಬಳಿ ಬರುವ ನರ್ಸನ್ನು ಆರಿಸಿಕೊಳ್ಳುವ ಅವಕಾಶವಿಲ್ಲ, ಎದ್ದು ದೂರ ಹೋಗುವ ಶಕ್ತಿಯಿಲ್ಲ. ರೋಗಿಗೆ ಹಾನಿ ಮಾಡದಿರುವುದು ಆ ವೃತ್ತಿಯ ಮೊದಲ ಕಟ್ಟಳೆ. ಹಾಗಿದ್ದೂ ಅಲ್ಲಿ ಸಹ ನಿಯಮದ ಹಿಂದೆಯೇ ಬೇರೊಂದು ಪ್ರಶ್ನೆ ಬರುತ್ತದೆ. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆ ಮನೆಗಳ ಸಿಬ್ಬಂದಿಗೆ 2021ರ ನವೆಂಬರ್ 11ರಿಂದ ಲಸಿಕೆ ಕಡ್ಡಾಯವಾಯಿತು, 2022ರ ಮಾರ್ಚ್ 15ರಂದು ಆ ನಿಯಮ ರದ್ದಾಯಿತು. ಮೊದಲೇ ಕೈ ಸಾಲದ ಆರೈಕೆ ಮನೆಗಳಿಂದ ಸಿಬ್ಬಂದಿ ಹೊರಟುಹೋದರೆ ವೃದ್ಧರನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಆ ನಾಲ್ಕು ತಿಂಗಳೂ ಜೊತೆಗಿತ್ತು. ಫ್ರಾನ್ಸ್ ತಾನು ಅಮಾನತಿನಲ್ಲಿಟ್ಟ ಆರೋಗ್ಯ ಸಿಬ್ಬಂದಿಯನ್ನು ಮರಳಿ ಕೆಲಸಕ್ಕೆ ಸೇರಿಸಿಕೊಂಡದ್ದು 2023ರ ಮೇ ತಿಂಗಳಲ್ಲಿ.

ಕೊಡಗಿನಲ್ಲಿ ಈ ಮಾತೆತ್ತಿದರೆ ಕೇಳಿಬರುವ ಒಂದು ವಾದವನ್ನು ಬಿಡುವಂತಿಲ್ಲ. ಕಾರ್ಯಪ್ಪ, ತಿಮ್ಮಯ್ಯರ ನಾಡಿದು. ಮಿಲಿಟರಿಯಿಂದ ನಿವೃತ್ತರಾದವರು ಇಲ್ಲದ ಒಕ್ಕ, ಅಂದರೆ ಕೊಡವರ ಮನೆತನ, ಅಪರೂಪ. ‘ನಾವು ಸಾಲಾಗಿ ನಿಂತು ಕೊಟ್ಟ ಸೂಜಿಗಳನ್ನೆಲ್ಲ ಹಾಕಿಸಿಕೊಂಡವರು, ಯಾರೂ ನಮ್ಮನ್ನು ಕೇಳಲಿಲ್ಲ, ನಮಗೇನೂ ಆಗಲಿಲ್ಲ, ಇವರದ್ದೇನು ಸ್ವಾತಂತ್ರ್ಯ?’ ಎಂದು ಹಿರಿಯರು ಕೇಳುವುದುಂಟು. ಅವರ ಅನುಭವ ಸತ್ಯ, ಹೋಲಿಕೆ ಮಾತ್ರ ಕೂಡುವುದಿಲ್ಲ. ಸೇನೆಯವರ ಮೂಲಭೂತ ಹಕ್ಕುಗಳಿಗೆ ಕತ್ತರಿ ಹಾಕಲು ಸಂವಿಧಾನದ 33ನೇ ವಿಧಿ ಸಂಸತ್ತಿಗೇ ಅಧಿಕಾರ ಕೊಟ್ಟಿದೆ, ಮತ್ತು ಸೇರುವಾಗಲೇ ಆ ಶಿಸ್ತಿಗೆ ಒಪ್ಪಿ ಸೇರುತ್ತಾರೆ. ಅಲ್ಲೂ ವಿವಾದ ಇಲ್ಲದಿರಲಿಲ್ಲ: ಕೋವಿಡ್ ಲಸಿಕೆ ಒಲ್ಲೆನೆಂದ ವಾಯುಪಡೆಯ ಸಿಬ್ಬಂದಿಯೊಬ್ಬರು 2021ರಲ್ಲಿ ಗುಜರಾತ್ ಹೈಕೋರ್ಟಿನ ಮೊರೆ ಹೋಗಿದ್ದರು; ಹಾಗೆ ನಿರಾಕರಿಸಿದ ಒಂಬತ್ತು ಮಂದಿಯಲ್ಲಿ, ನೋಟಿಸಿಗೆ ಉತ್ತರಿಸದ ಒಬ್ಬರನ್ನು ಸೇವೆಯಿಂದ ತೆಗೆಯಲಾಗಿದೆಯೆಂದು ಸರ್ಕಾರ ಅಲ್ಲಿ ಹೇಳಿತು. ಕಾಫಿ ಕೊಯ್ಯಲು ಬಂದವಳು ಅಂಥ ಯಾವ ಪ್ರತಿಜ್ಞೆಯನ್ನೂ ಮಾಡಿರುವುದಿಲ್ಲ.

ಆಕೆಯ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಮೈಗೆ ಸಂಬಂಧಿಸಿದ ಸರ್ಕಾರಿ ಕಾರ್ಯಕ್ರಮವನ್ನು ಕೂಲಿ ಮತ್ತು ಸಂಬಳದ ಹಗ್ಗದಿಂದ ಎಳೆಯುವುದನ್ನು ಈ ದೇಶ ಒಮ್ಮೆ ಕಂಡಿದೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976–77ರ ಒಂದೇ ವರ್ಷದಲ್ಲಿ, ಸುಮಾರು 81 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು; ಶಾಲಾ ಮಾಸ್ತರರಿಗೂ ಗುಮಾಸ್ತರಿಗೂ ಇಷ್ಟು ಮಂದಿಯನ್ನು ಕರೆತರಬೇಕೆಂಬ ಗುರಿ ಹಾಕಿ, ತಪ್ಪಿದರೆ ಸಂಬಳ ತಡೆಹಿಡಿದದ್ದನ್ನು, ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಶಾ ಆಯೋಗ ದಾಖಲಿಸಿದೆ. ಲಸಿಕೆ ಅದಕ್ಕೆ ಸಮಾನವಲ್ಲ, ಹೋಲಿಸುವುದೂ ತಪ್ಪು. ಒಂದು ಮಕ್ಕಳಾಗುವುದನ್ನೇ ನಿಲ್ಲಿಸಿತು, ಇನ್ನೊಂದು ಜೀವ ಉಳಿಸುತ್ತದೆ. ಆದರೆ ಗುರಿ ಮುಟ್ಟಿಸುವ ಅವಸರದಲ್ಲಿ ಬಡವರ ಒಪ್ಪಿಗೆಯನ್ನು ಲೆಕ್ಕಕ್ಕಿಡದ ಆಡಳಿತದ ಅಭ್ಯಾಸ ಒಂದೇ ಬಗೆಯದು.

ಒಪ್ಪಿದರೂ ಚೀಟಿ ಸಿಗುತ್ತಿತ್ತೇ ಎಂಬುದು ಬೇರೆ ವಿಷಯ, ಮತ್ತು ಕಡ್ಡಾಯದ ಪರ ವಿರೋಧ ಬರೆದವರಲ್ಲಿ ಹೆಚ್ಚಿನವರು ನೋಡದೇ ಹೋದದ್ದೂ ಇದನ್ನೇ. ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ನಾಲ್ಕೇ ಹೆಸರು ಸೇರಿಸಬಹುದಿತ್ತು. ಆರಕ್ಕೆ ಏರಿದ್ದು 2022ರ ಜನವರಿಯಲ್ಲಿ. ಮೇಸ್ತ್ರಿಯ ನಂಬರನ್ನೇ ತಮ್ಮದೆಂದು ಕೊಡುವ ಗುಂಪಿನಲ್ಲಿ ಐದನೆಯವರಿಗೆ ಅಲ್ಲೇ ಬಾಗಿಲು ಮುಚ್ಚಿತು. ಗುರುತಿನ ಚೀಟಿ ಇಲ್ಲದವರಿಗೆ ದಾರಿ ತೋರಿಸುವ ಸೂಚನೆ ಹೊರಟದ್ದು 2021ರ ಮೇ ತಿಂಗಳಲ್ಲಿ, ಗರ್ಭಿಣಿಯರಿಗೆ ಅನುಮತಿ ಬಂದದ್ದು ಜುಲೈ 2ರಂದು. ಕೋವಿಡ್‌ನಿಂದ ಗುಣವಾದವರು ಮೂರು ತಿಂಗಳು ಕಾಯಬೇಕಿತ್ತು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರ ಮೇ ತಿಂಗಳಿಂದ 12ರಿಂದ 16 ವಾರ, ಅಂದರೆ ಕಡಿಮೆಯೆಂದರೂ 84 ದಿನ. ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬಂದವರು ಅಂದೇ ಒಪ್ಪಿ ಮೊದಲ ಡೋಸ್ ಪಡೆದರೂ ಎರಡನೆಯದು ಸಿಗುವುದು ಮಾರ್ಚ್‌ನಲ್ಲಿ; ಆ ಹೊತ್ತಿಗೆ ರೊಬಸ್ಟಾ ಕೊಯ್ಲು ಮುಗಿದು, ಕೊಯ್ಲಿಗೆಂದು ಅಸ್ಸಾಮಿನಿಂದ ಬಂದ ಕೆಲಸದವರು ಊರಿನ ರೈಲು ಹತ್ತಿರುತ್ತಾರೆ. ‘ಸೋಮವಾರದಿಂದ ಎರಡು ಡೋಸ್’ ಎಂಬ ಕಾಗದವನ್ನು ಪಾಲಿಸುವುದು ಅವರಿಂದ ಆಗದ ಮಾತು. ಪಾಲಿಸಲು ಸಾಧ್ಯವೇ ಇಲ್ಲದ ನಿಯಮವನ್ನು ಮುರಿದದ್ದಕ್ಕೆ ಕೂಲಿ ಕಳೆಯುವುದು ಯಾವ ಅಳತೆಗೋಲಿನಲ್ಲೂ ತಕ್ಕ ಪೆಟ್ಟಲ್ಲ.

ಹಾಕಿಸಿಕೊಂಡ ಮೇಲೆ ಏನಾದರೂ ಆದರೆ ಯಾರು ಹೊಣೆ ಎಂಬ ಪ್ರಶ್ನೆಯೊಂದು ಉಳಿದಿದೆ. ಗಂಭೀರ ಅಡ್ಡಪರಿಣಾಮ ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಲಸಿಕೆಯ ನಂತರ ಸಾವು ಸಂಭವಿಸಿತೆಂದು ಪರಿಹಾರ ಕೋರಿದ ಮೊಕದ್ದಮೆಯೊಂದರಲ್ಲಿ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಕೊಟ್ಟ ಉತ್ತರ, ಲಸಿಕೆ ಕಡ್ಡಾಯವಾಗಿರಲಿಲ್ಲ, ಇಚ್ಛೆಯಿಂದ ಪಡೆದದ್ದು, ಆದ್ದರಿಂದ ಸರ್ಕಾರವನ್ನು ನೇರವಾಗಿ ಹೊಣೆ ಮಾಡಲಾಗದು, ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂಬುದು. ಕೆಲಸದ ಬಾಗಿಲಲ್ಲಿ ಕಡ್ಡಾಯವಾಗಿದ್ದು ಪರಿಹಾರದ ಬಾಗಿಲಲ್ಲಿ ಇಚ್ಛೆಯಾಗುವುದಾದರೆ, ಕಡ್ಡಾಯ ಮಾಡಿದವರು ಅದರ ಭಾರವನ್ನೂ ಹೊರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಒತ್ತಾಯಿಸುವ ಹಕ್ಕು ಬೇಕೆನ್ನುವ ಮಾಲೀಕರು ಪರಿಹಾರದ ಹೊಣೆಯನ್ನೂ ಬರವಣಿಗೆಯಲ್ಲಿ ಒಪ್ಪಲಿ; ಆಗ ಎಷ್ಟು ಬಾಗಿಲುಗಳ ಮೇಲೆ ಕಾಗದ ಉಳಿಯುತ್ತದೆಂದು ನೋಡಬಹುದು.

ಹರಡುವುದನ್ನು ನಿಜವಾಗಿ ತಡೆಯುವ ಲಸಿಕೆ, ತಪ್ಪಿಸಿಕೊಳ್ಳಲಾಗದ ಜನರ ಸಂಪರ್ಕವಿರುವ ಕೆಲಸ, ಒಲ್ಲದವರಿಗೆ ಬೇರೆ ಕೆಲಸವೋ ಪರೀಕ್ಷೆಯೋ ಎಂಬ ಒಂದು ಪಕ್ಕದ ದಾರಿ, ಇವು ಮೂರೂ ಇದ್ದಲ್ಲಿ ಕಡ್ಡಾಯವನ್ನು ನಾನು ಒಪ್ಪುತ್ತೇನೆ. ಕಾಫಿ ತೋಟದಲ್ಲಿ ಇವು ಕೂಡಿಬರುವುದು ಕಷ್ಟ. ಅಲ್ಲಿ ಮಾಡಬಹುದಾದ್ದು ಇನ್ನೂ ಸರಳವಾಗಿದೆ. ಸುಮಾರು ನೂರು ಮಂದಿ ಅರ್ಹರಿರುವ ಕೆಲಸದ ಸ್ಥಳಗಳಲ್ಲೇ ಲಸಿಕೆ ಹಾಕಲು 2021ರ ಏಪ್ರಿಲ್ 11ರಿಂದ ಅನುಮತಿ ಸಿಕ್ಕಿತ್ತು. ಸಣ್ಣ ತೋಟಗಳು ನಾಲ್ಕೈದು ಸೇರಿದರೆ ಆ ಸಂಖ್ಯೆ ಮುಟ್ಟುತ್ತದೆ. ಆಶಾ ಕಾರ್ಯಕರ್ತೆ ಲೈನ್ ಮನೆಗೆ ಬಂದು ಅವರ ಭಾಷೆಯಲ್ಲಿ ಹೇಳಲಿ, ಸೂಜಿ ಹಾಕುವುದು ಶನಿವಾರ ಸಂಜೆ ತೂಕ ಮುಗಿದ ಮೇಲೆ ಇರಲಿ, ಮರುದಿನ ಜ್ವರ ಬಂದರೆ ಮಲಗಲು ಭಾನುವಾರವಿದೆ. ಸೋಮವಾರವೂ ಜ್ವರ ಇಳಿಯದಿದ್ದರೆ ಏನು ಮಾಡುವುದು ಎಂದು ಆಕೆ ಕೇಳಿಯೇ ಕೇಳುತ್ತಾಳೆ. ರೈಟರ್ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪೂರ್ತಿ ಕೂಲಿ ಬರೆಯುತ್ತಾರೋ ಇಲ್ಲವೋ ಎಂಬುದನ್ನು ಸಾಹುಕಾರರು ಶನಿವಾರದ ಮೊದಲೇ ಹೇಳಿರಬೇಕು.